ಬಳೆಗಾರನ ಒಸಡು

“ಗುರುಗಳೇ, ನಗುವಾಗ ಒಸಡು ಕಂಡರೆ ನಗುವಿನ ಚೆಲುವು ಕೆಡುತ್ತದೆಯೇ?”

ಕೇಳಿದವನು ಮರಿದೇವ. ಕೇಳುವಾಗಲೂ ಅವನ ಬಲಗೈ ಬಾಯಿಯ ಮುಂದೆಯೇ ಇತ್ತು. ನಕ್ಕರೆ ಅವನ ಮೇಲ್ತುಟಿ ಹಲ್ಲು ದಾಟಿ ಮೇಲೇರುತ್ತಿತ್ತು, ಒಸಡೆಲ್ಲ ಹೊರಗೆ ಕಾಣುತ್ತಿತ್ತು. ಬರುವ ಸೋಮವಾರ ಅವನು ಪಕ್ಕದ ಊರಿನ ಪಾಠಶಾಲೆಗೆ ಉಪಾಧ್ಯಾಯನಾಗಿ ಹೋಗಬೇಕಿತ್ತು. ನಲವತ್ತು ಮಕ್ಕಳು ತನ್ನ ಬಾಯಿಯನ್ನೇ ನೋಡುತ್ತಾರೆಂಬ ಅಂಜಿಕೆ ಅವನಿಗೆ. ನಗದೆಯೇ ಪಾಠ ಹೇಳುವುದೆಂದು ಆಗಲೇ ತೀರ್ಮಾನಿಸಿದ್ದ. ಗುರುಗಳು ಹೂಂ ಅನ್ನುವುದೊಂದು ಬಾಕಿ ಇತ್ತು.

ಗುರುಗಳು ಹೂಂ ಅನ್ನಲಿಲ್ಲ. ಕೂರಿಸಿಕೊಂಡು ಕತೆ ತೊಡಗಿದರು.

ಒಬ್ಬ ಬಳೆಗಾರನಿದ್ದ. ಗಾಜಿನ ಬಳೆ ತೊಡಿಸುವುದು ಬಲದ ಕೆಲಸವಲ್ಲ. ಕೈ ಬಿಗಿಯಾಗಿದ್ದರೆ ಬಳೆ ಹೆಬ್ಬೆರಳ ಬುಡದಲ್ಲಿ ನಿಂತುಬಿಡುತ್ತದೆ, ಒತ್ತಿದರೆ ಒಡೆಯುತ್ತದೆ. ಕೈ ಸಡಿಲಾದ ಗಳಿಗೆ ನೋಡಿ ಜಾರಿಸಬೇಕು. ಈ ಬಳೆಗಾರ ಹೆಂಗಸರ ಕೈ ಹಿಡಿದು, ಏನೋ ಒಂದು ಮಾತು ತೆಗೆದು, ತಾನೇ ಮೊದಲು ನಗುತ್ತಿದ್ದ. ಆ ನಗೆಯಲ್ಲಿ ಹಲ್ಲಿಗಿಂತ ಒಸಡೇ ಹೆಚ್ಚು. ಅದನ್ನು ಕಂಡು ಅವರಿಗೂ ನಗು ಬರುತ್ತಿತ್ತು, ಅಷ್ಟರಲ್ಲಿ ಬಳೆ ಮುಂಗೈ ಸೇರಿರುತ್ತಿತ್ತು. ಅವನ ಕೈಯಲ್ಲಿ ಬಳೆ ಒಡೆಯುವುದಿಲ್ಲವೆಂದು ನಾಲ್ಕೂರಲ್ಲಿ ಹೆಸರಾಯಿತು. ತನ್ನದು ಕೈಗುಣ ಎಂದು ಅವನು ನಂಬಿದ್ದ.

ಒಮ್ಮೆ ಒಬ್ಬ ಚಿತ್ರಗಾರ ಅವನ ಚಿತ್ರ ಬರೆದ. ಬರೆದು, “ಒಸಡೊಂದನ್ನು ಮುಚ್ಚಿದ್ದೇನೆ ನೋಡು. ಮೇಲ್ತುಟಿ ಹಲ್ಲಿನ ಬುಡಕ್ಕೆ ಬಂದು ನಿಲ್ಲಬೇಕು, ಅದೇ ಅಂದವಾದ ನಗು” ಎಂದ. ಬಳೆಗಾರ ಚಿತ್ರ ನೋಡಿದ. ಅಂದವಾಗಿಯೇ ಇತ್ತು. ಇಷ್ಟು ದಿನ ಊರೆಲ್ಲ ತನ್ನ ಒಸಡು ನೋಡಿತಲ್ಲ ಎಂದು ನಾಚಿಕೆಯಿಂದ ಕುಗ್ಗಿಹೋದ. ಎಂಟು ದಿನ ಕನ್ನಡಿಯ ಮುಂದೆ ಕೂತು, ತುಟಿಯನ್ನು ಹಿಡಿತದಲ್ಲಿಟ್ಟು ನಗುವುದನ್ನು ಕಲಿತ. ಚಿತ್ರಗಾರ ಸುಳ್ಳು ಹೇಳಿರಲಿಲ್ಲ. ಆದರೆ ಚಿತ್ರ ಯಾರಿಗೂ ಬಳೆ ತೊಡಿಸಬೇಕಾಗಿಲ್ಲವಲ್ಲ!

ಒಂಬತ್ತನೆಯ ದಿನದಿಂದ ಬಳೆ ಒಡೆಯತೊಡಗಿದವು. ಬಳೆಗಾರ ಗಾಜನ್ನು ಬೈದ. ಬೇರೆ ಊರಿನಿಂದ ಬಳೆ ತರಿಸಿದ, ಅವೂ ಒಡೆದವು. ಅಳತೆ ದೊಡ್ಡದು ಮಾಡಿದ. ಪಾತ್ರೆ ತಿಕ್ಕುವಾಗ ಬಳೆ ಜಾರಿ ಬೀಳುತ್ತವೆಂದು ಹೆಂಗಸರು ಬೈದರು. ಕೈಗೆ ಸೋಪಿನ ನೊರೆ ಹಚ್ಚಿ ನೋಡಿದ. ಎಲ್ಲವನ್ನೂ ಅನುಮಾನಿಸಿದ, ತನ್ನ ತುಟಿಯೊಂದನ್ನು ಬಿಟ್ಟು.

ಆಗ ಒಂದು ಮನೆಯಿಂದ ಸೀಮಂತಕ್ಕೆ ಕರೆ ಬಂತು. ಚೊಚ್ಚಲ ಬಸುರಿ. ಅತ್ತೆ ಬಾಗಿಲಲ್ಲೇ ನಿಲ್ಲಿಸಿ ಹೇಳಿದಳು: “ಹಸಿರು ಬಳೆ ಒಂದು ಒಡೆದ್ರೂ ಅಪಶಕುನ ಕಣಪ್ಪಾ. ಒಡೆದ್ಯೋ, ಇನ್ನು ಈ ಕೇರಿಗೆ ಕಾಲಿಡಬೇಡ.”

ಬಳೆಗಾರ ಬಸುರಿಯ ಕೈ ಹಿಡಿದ. ಬಳೆ ಒಡೆಯುವ ಸುದ್ದಿ ಅವಳ ಕಿವಿಗೂ ಬಿದ್ದಿತ್ತು, ಹೆದರಿ ಮುಷ್ಟಿ ಬಿಗಿದಿದ್ದಳು. ಅವನು ಕಲಿತ ನಗುವನ್ನು ನಕ್ಕ. ಮುಷ್ಟಿ ಇನ್ನೂ ಬಿಗಿಯಾಯಿತು. ಅವನ ಹಣೆಯಲ್ಲಿ ಬೆವರು ಮೂಡಿತು. ಅವಳು ಅವನ ಮುಖವನ್ನೇ ನೋಡುತ್ತಿದ್ದವಳು, ಮರುಕದಿಂದ ಮೆಲ್ಲಗೆ ಕೇಳಿದಳು: “ಹಲ್ಲುನೋವೇನಣ್ಣಾ? ಲವಂಗ ತರಿಸ್ಲಾ?”

ಇಷ್ಟು ಕೇಳಿದ್ದೇ ಮರಿದೇವ ತೊಡೆ ತಟ್ಟಿಕೊಂಡು ನಕ್ಕ. ಅವನನ್ನು ನೋಡಿ ಗುರುಗಳಿಗೂ ನಗು ತಡೆಯಲಾಗಲಿಲ್ಲ. ಕಣ್ಣೊರೆಸಿಕೊಂಡು ಕತೆ ಮುಂದುವರಿಸಿದರು.

ಬಳೆಗಾರನೂ ಹೀಗೇ ನಕ್ಕುಬಿಟ್ಟ. ಎಂಟು ದಿನ ಕಲಿತದ್ದು ಎಲ್ಲಿ ಹೋಯಿತೋ, ಒಸಡೆಲ್ಲ ಹೊರಬಂತು. ಬಸುರಿ ನಕ್ಕಳು, ನೆರೆದ ಹೆಂಗಸರು ನಕ್ಕರು, ಬಾಗಿಲಲ್ಲಿದ್ದ ಅತ್ತೆಯೂ ಬಾಯಿಗೆ ಸೆರಗು ಹಿಡಿದುಕೊಂಡು ನಕ್ಕಳು. ಮುಷ್ಟಿ ಬಿಚ್ಚಿತು. ಹಸಿರು ಬಳೆ ಒಂದರ ಹಿಂದೊಂದು ಮುಂಗೈ ಸೇರಿದವು, ಒಂದೂ ಒಡೆಯಲಿಲ್ಲ. ಹೊರಡುವಾಗ ಅತ್ತೆ ಎಲೆ ಅಡಿಕೆ ಕೊಟ್ಟು, “ಇವತ್ತು ನಮ್ಮ ಹಳೇ ಬಳೆಗಾರ ಬಂದ” ಎಂದಳು.

ಕತೆ ಮುಗಿಯಿತು. ಮರಿದೇವನ ಕೈ ಮತ್ತೆ ಬಾಯಿಯ ಮುಂದೆ ಬಂದಿತ್ತು.

“ಅವನು ಬಳೆಗಾರ, ಗುರುಗಳೇ. ಅವನಿಗೆ ನಡೆಯುತ್ತದೆ. ನನ್ನ ನಗು ಕಂಡರೆ ಮಕ್ಕಳು ಏನಂದಾರು?”

ಗುರುಗಳು ಕೇಳಿದರು: “ಹಲ್ಲುನೋವಿನ ಮಾತಿಗೆ ನೀನು ನಕ್ಕು ನನ್ನನ್ನೂ ನಗಿಸಿದೆಯಲ್ಲ, ಆಗ ನಿನ್ನ ಈ ಕೈ ಎಲ್ಲಿತ್ತು?”

ಮರಿದೇವ ತನ್ನ ಬಲಗೈಯನ್ನೊಮ್ಮೆ, ತಟ್ಟಿಕೊಂಡ ತೊಡೆಯನ್ನೊಮ್ಮೆ ನೋಡಿಕೊಂಡ.