ಕನ್ಸೊಲಾ ಅಜ್ಜಿಯ ಕೊಯ್ಲಿನ ಹಾಡು

ಫಿಲಿಪ್ಪೀನ್ಸ್ ದೇಶದ ಒಂದು ಬೆಟ್ಟದೂರಿನಲ್ಲಿ ಕನ್ಸೊಲಾ ಎಂಬ ಮುದುಕಿಯಿದ್ದಳು. ಅಲ್ಲಿನ ಹೆಂಗಸರು ಭತ್ತ ಕೊಯ್ಯುವಾಗಲೂ, ಸತ್ತವರ ಪಕ್ಕ ಕೂತಾಗಲೂ ಹಾಡುವ ದೊಡ್ಡದೊಂದು ಕಥೆಯ ಹಾಡಿದೆ. ಅದರ ಹೆಸರು ಹುಡ್‌ಹುಡ್. ಒಬ್ಬಳು ಸಾಲು ಎತ್ತಿಕೊಡುತ್ತಾಳೆ, ಉಳಿದವರು ಸೇರಿ ಅದನ್ನು ಮುಗಿಸುತ್ತಾರೆ. ಆ ಊರಿನಲ್ಲಿ ಎತ್ತಿಕೊಡಲು ಕನ್ಸೊಲಾ ಒಬ್ಬಳೇ ಉಳಿದಿದ್ದಳು. ಮುಗಿಸಲು ಇನ್ನಿಬ್ಬರು ಮುದುಕಿಯರಿದ್ದರು, ಅಷ್ಟೇ.

ಒಂದು ದಿನ ಕನ್ಸೊಲಾ ತನ್ನ ಮೊಮ್ಮಗಳು ಮಾರಿವಿಕ್‌ಳನ್ನು ಕರೆದಳು. "ನಾನು ಸತ್ತಾಗ ಹಾಡಿಲ್ಲದೆ ಕಳಿಸಬೇಡ ಕಣೇ. ಈ ಕೊಯ್ಲಿನಿಂದ ನಿನ್ನ ಗೆಳತಿಯರನ್ನ ಕರ್ಕೊಂಡು ಬಂದು ನನ್ನ ಪಕ್ಕ ಕೂತು ಹಾಡು ಕಲ್ತ್ಕೋ" ಎಂದಳು.

ಮಾರಿವಿಕ್ ಒಳ್ಳೆಯ ಹುಡುಗಿ, ಅಜ್ಜಿ ಎಂದರೆ ಪ್ರಾಣ. ಆದರೆ ಕೂತು ಕಲಿಯುವ ತಾಳ್ಮೆ ಇರಲಿಲ್ಲ. ನಮಗೆಲ್ಲ ಇರುವ ರೋಗವೇ ಬಿಡಿ ಅದು.

"ಕಲಿಯೋಕೆ ವರ್ಷಗಟ್ಟಲೆ ಬೇಕು ಅಜ್ಜಿ. ರೆಕಾರ್ಡ್ ಮಾಡಿಬಿಡ್ತೀನಿ, ಆಗ ಹಾಡು ಎಲ್ಲಿಗೂ ಹೋಗಲ್ಲ" ಎಂದಳು.

ಪಟ್ಟಣದಿಂದ ಒಳ್ಳೆಯ ಮೈಕು ತಂದಳು. ಕಿಟಕಿ ಮುಚ್ಚಿ, ಅಂಗಳದ ಕೋಳಿಗಳನ್ನು ದೂರ ಓಡಿಸಿದಳು. ಇಬ್ಬರು ಮುದುಕಿಯರೂ ಎಂದಿನಂತೆ ಬಂದು ಕೂತರು. ಒಬ್ಬಳಿಗೆ ಕೆಮ್ಮು, ಇನ್ನೊಬ್ಬಳಿಗೆ ಬಾಯಿತುಂಬ ಎಲೆಅಡಿಕೆ.

"ನೀವಿಬ್ಬರೂ ಸ್ವಲ್ಪ ಆಚೆ ಇರಿ. ಅಜ್ಜಿ ದನಿ ಸ್ವಚ್ಛವಾಗಿ ಬರಬೇಕು" ಎಂದಳು ಮಾರಿವಿಕ್. ಪಾಪ, ಅವರು ಎದ್ದು ಹೋದರು.

"ಅವರಿಲ್ಲದೆ ಹೆಂಗೆ ಹಾಡಲಿ?" ಎಂದಳು ಅಜ್ಜಿ.

"ನಿನ್ನ ಪಾಲಿನದು ನೀನು ಹಾಡು, ಸಾಕು."

ನಾಲ್ಕು ದಿನ ಅಜ್ಜಿ ಹಾಡಿದಳು. ತನ್ನ ಉಸಿರಿನ ಸದ್ದೂ ಮೈಕಿಗೆ ಬೀಳದ ಹಾಗೆ ಮಾರಿವಿಕ್ ಮೂಲೆಯಲ್ಲಿ ಸುಮ್ಮನೆ ಕೂತಿದ್ದಳು. ಊರವರೆಲ್ಲ ಶಹಬ್ಬಾಸ್ ಎಂದರು. ಹಾಡು ಹೇಗೂ ಉಳಿಯಿತಲ್ಲ ಎಂದುಕೊಂಡು ಕಲಿಯುವ ಮಾತನ್ನೇ ಬಿಟ್ಟರು.

ಎರಡು ವರ್ಷಗಳಲ್ಲಿ ಆ ಇಬ್ಬರು ಮುದುಕಿಯರೂ ತೀರಿಕೊಂಡರು. ಮೂರನೆಯ ವರ್ಷ ಕನ್ಸೊಲಾ ತೀರಿಕೊಂಡಳು.

ಅಂದು ಮಧ್ಯಾಹ್ನ ಊರೆಲ್ಲ ಹೆಣದ ಸುತ್ತ ಸೇರಿತ್ತು. ಮಾರಿವಿಕ್ ರೆಕಾರ್ಡ್ ಮಾಡಿದ್ದ ಹಾಡು ಹಚ್ಚಿದಳು. ಅಜ್ಜಿಯ ದನಿ ಒಂದು ಸಾಲನ್ನು ಎತ್ತಿಕೊಟ್ಟು ನಿಂತಿತು, ಆ ಮುದುಕಿಯರು ಮುಗಿಸಲಿ ಎಂದು. ಮುಗಿಸುವವರು ಯಾರೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಇನ್ನೊಂದು ಸಾಲು ಬಂತು, ಮತ್ತೆ ದನಿ ನಿಂತು ಕಾಯಿತು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾರಿವಿಕ್ ಬಾಯಿ ತೆರೆದಳು. ಅಳು ಬಂತೇ ಹೊರತು ಒಂದು ಪದವೂ ಬರಲಿಲ್ಲ.

"ಸಾಕು ನಿಲ್ಲಿಸಮ್ಮ, ಕೇಳೋಕಾಗ್ತಿಲ್ಲ" ಎಂದರು ಪಕ್ಕದ ಮನೆಯವರು.

ಅವಳು ನಿಲ್ಲಿಸಿದಳು. ಕನ್ಸೊಲಾಳನ್ನು ಹಾಡಿಲ್ಲದೆಯೇ ಹೊತ್ತುಕೊಂಡು ಹೋದರು.

ನೀತಿ: ಹಿರಿಯರ ಹಾಡನ್ನು ಯಂತ್ರಕ್ಕೆ ಒಪ್ಪಿಸಿ ನಾವು ಕೈ ತೊಳೆದುಕೊಳ್ಳಬಾರದು. ಅವರು ಇರುವಾಗಲೇ ಪಕ್ಕದಲ್ಲಿ ಕೂತು, ತಪ್ಪಾದರೂ ಸರಿ, ದನಿಗೂಡಿಸಿ ಕಲಿಯಬೇಕು. ಅವರು ಹೋದ ಮೇಲೆ ಎಷ್ಟು ಅತ್ತರೂ ಆ ಸಾಲು ಮುಗಿಯುವುದಿಲ್ಲ.