ದಾರಿ ತಪ್ಪಿದ ಮೊಳೆ

“ಅಜ್ಜಾರೇ, ಹೊರಗೆ ಹಾಕಿಸಿಕೊಂಡವರು ಮತ್ತೆ ಮೊದಲಿನ ಹಾಗೆ ಆಗುವುದು ಯಾವಾಗ?” ಎಂದು ದಾನೇಶ್ವರಿ ಕೇಳಿದಳು.

ಅವಳು ಮಠಕ್ಕೆ ಬಂದು ನಾಲ್ಕು ತಿಂಗಳಾಗಿತ್ತು. ಇಷ್ಟು ದಿನಗಳಲ್ಲಿ ಅವಳು ಕೇಳಿದ ಮೊದಲ ಪ್ರಶ್ನೆ ಇದು. ಚಿಕ್ಕವಳಿದ್ದಾಗ ಮಠದ ಶಾಲೆಯಲ್ಲೇ ಓದಿದ್ದಳು. ಮಠದ ಸ್ವಾಮಿಗಳಾದ ಅಜ್ಜಾರೇ ಕೈಹಿಡಿದು ಅಕ್ಷರ ತಿದ್ದಿಸಿದ್ದರು. ದಂತ ವೈದ್ಯಕೀಯ ಕಾಲೇಜಿನಲ್ಲಿ ಸೀಟು ಸಿಕ್ಕಿದಾಗ ಮೊದಲ ಪೇಢೆಯನ್ನು ಇಲ್ಲಿಗೇ ತಂದಿದ್ದಳು. ನಾಲ್ಕನೆಯ ವರ್ಷದಲ್ಲಿ ಕಾಲೇಜು ಅವಳ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಿತು. ಊರಿಗೆ ಹೋಗಲು ಮುಖವಿಲ್ಲದೆ ಇಲ್ಲಿ ಬಂದು ನಿಂತಳು. ಏಕೆ ಬಂದೆ ಎಂದು ಅಜ್ಜಾರು ಕೇಳಲಿಲ್ಲ. ದಾಸೋಹದ ಅಡುಗೆಮನೆಯಲ್ಲಿ ಕಾಳು ಆರಿಸುವ ಕೆಲಸ ಕೊಟ್ಟರು.

ಅಲ್ಲಿಯೂ ಬಿಡುಗಡೆ ಇರಲಿಲ್ಲ. ರೊಟ್ಟಿ ಬಡಿಯುವ ನೀಲವ್ವ ಆ ದಿನ ಬೆಳಿಗ್ಗೆ ಹಿಟ್ಟಿನ ಕೈಯಲ್ಲೇ ಎದುರಿಗೆ ಬಂದು ಕುಳಿತು ಬಾಯಿ ತೆರೆದಿದ್ದಳು.

“ಏ ಡಾಕ್ಟರವ್ವಾ, ಈ ದವಡಿ ಒಂದೀಟು ನೋಡು. ಈ ಕಡೆ ರೊಟ್ಟಿ ಹಾಕಿದರ ಜೀವ ಹೋಗತದ.”

ದಾನೇಶ್ವರಿ ಮೊರದಿಂದ ತಲೆ ಎತ್ತಲಿಲ್ಲ.

“ನೋಡಾಕೂ ರೊಕ್ಕ ಕೊಡಬೇಕೇನು? ಇಷ್ಟು ಓದಿ ಜ್ವಾಳದಾಗಿನ ಹರಳು ಆರಿಸಾಕ ಬಂದೀಯಲ್ಲ, ನಮ್ಮವ್ವ,” ಎಂದು ನೀಲವ್ವ ನಕ್ಕಳು. ಅದು ಪ್ರೀತಿಯ ಚೇಷ್ಟೆಯೇ. ಆದರೆ ದಾನೇಶ್ವರಿ ಮೊರವನ್ನು ಅಲ್ಲೇ ಇಟ್ಟು ಎದ್ದು ಹೋದಳು. ಮಧ್ಯಾಹ್ನ ಊಟಕ್ಕೂ ಬರಲಿಲ್ಲ. ಊಟ ಮುಗಿದು ಜನ ಚದುರಿದ ಮೇಲೆ ಅಜ್ಜಾರ ಮುಂದೆ ಬಂದು ಕುಳಿತಳು. ಕೈಯಲ್ಲಿ ಮಡಚಿದ ಮೂರು ಹಾಳೆಗಳಿದ್ದವು.

ಅದು ಅವಳ ತಂದೆ ಬರೆಸಿ ಕಳಿಸಿದ ಅರ್ಜಿ. ಕಾಲೇಜಿನವರು ಒಂದು ಸಲ, ಒಂದೇ ಸಲ, ಇಂಥ ಅರ್ಜಿಯನ್ನು ಕೇಳುತ್ತಾರೆ. ಸೋಮವಾರದೊಳಗೆ ಅವಳ ರುಜು ಬೀಳಬೇಕು. ಅದನ್ನು ತಳ್ಳಿಹಾಕಿದರೆ ಇನ್ನು ಬಾಗಿಲಿಲ್ಲ.

ಅರ್ಜಿಯಲ್ಲಿ ನಡೆದದ್ದೆಲ್ಲ ಇತ್ತು. ಹಲ್ಲಿನ ಎಕ್ಸ್‌ರೇ ಫಿಲ್ಮಿನ ಮೂಲೆಯಲ್ಲಿ ಒಂದು ಚಿಕ್ಕ ಚುಕ್ಕೆ ಉಬ್ಬಿರುತ್ತದೆ. ಆ ಉಬ್ಬು ನೋಡುವವರ ಕಡೆಗೆ ಇರಬೇಕು. ಫಿಲ್ಮು ತಿರುವುಮುರುವಾದರೆ ಹಿಂದಿನ ಹಲ್ಲು ಮುಂದೆ ಕಾಣುತ್ತದೆ, ಮುಂದಿನದು ಹಿಂದೆ. ಆ ದಿನ ಮೂರನೆಯ ಕುರ್ಚಿಯ ಕೆಲಸ ಅವಳದಾಗಿತ್ತು. ಫಿಲ್ಮನ್ನು ತಿರುವುಮುರುವಾಗಿ ಹಿಡಿದಳು. ಹುಳುಕು ಹಲ್ಲಿನ ಬದಲು ಪಕ್ಕದ ಗಟ್ಟಿ ಹಲ್ಲನ್ನು ಕಿತ್ತಳು. ಕಿತ್ತ ಮೇಲೆ ಹತ್ತಿಯಲ್ಲಿ ಹಿಡಿದು ನೋಡಿದಾಗ ಅವಳಿಗೆ ಗೊತ್ತಾಯಿತು. ನೋಡಿಕೊಳ್ಳಬೇಕಾದ ಮೇಷ್ಟ್ರು ಆಗ ಬೇರೆ ಕೋಣೆಯಲ್ಲಿದ್ದರು. ಅವರು ಬರುವ ಮೊದಲು ಅವಳು ಕೇಸಿನ ಹಾಳೆಯಲ್ಲಿ ಕೀಳಬೇಕಾದ ಹಲ್ಲಿನ ಅಂಕಿಯನ್ನು ತಿದ್ದಿದಳು. ಏಳು ಇದ್ದದ್ದು ಆರು ಆಯಿತು. ಮೂರನೆಯ ದಿನ ತಿದ್ದಿದ್ದು ಬಯಲಾಯಿತು. ಹಲ್ಲಿಗಾಗಿ ಅಲ್ಲ, ಅಂಕಿಗಾಗಿ ಹೊರಗೆ ಹಾಕುತ್ತಿದ್ದೇವೆ ಎಂದು ಕಾಲೇಜಿನವರು ಬರೆದುಕೊಟ್ಟರು.

ಆ ದಿನ ಎಷ್ಟು ಕೇಸುಗಳಿದ್ದವು, ಮೇಷ್ಟ್ರು ಎಷ್ಟು ಹೊತ್ತು ಇರಲಿಲ್ಲ, ಅವಳ ಹಿಂದಿನ ಪರೀಕ್ಷೆಗಳ ಅಂಕಗಳೆಷ್ಟು, ವ್ಯರ್ಥವಾಗುವ ಓದಿನ ವರ್ಷಗಳೆಷ್ಟು, ಇದೆಲ್ಲವೂ ಅರ್ಜಿಯಲ್ಲಿತ್ತು.

ಅಜ್ಜಾರು ಕನ್ನಡಕ ಹಾಕಿಕೊಂಡು ಮೂರೂ ಹಾಳೆ ಓದಿದರು. ಓದಿ ಮಡಚಿ ಅವಳ ಮುಂದಿಟ್ಟರು.

“ಇದರಲ್ಲಿರುವುದೆಲ್ಲ ನಿಜವೇ?”

“ನಿಜ, ಅಜ್ಜಾರೇ. ಒಂದು ಮಾತೂ ಸುಳ್ಳಿಲ್ಲ. ಆದರೂ ರುಜು ಹಾಕಲು ಕೈ ಏಳುತ್ತಿಲ್ಲ. ಅವರು ಮತ್ತೆ ಸೇರಿಸಿಕೊಂಡರೂ ನಾನು ಮೊದಲಿನ ಹಾಗೆ ಆಗುತ್ತೇನೆ ಅನ್ನಿಸುತ್ತಿಲ್ಲ. ಬೆಳಿಗ್ಗೆ ಏಕೆ ಏಳಬೇಕು ಎಂಬುದೇ ತಿಳಿಯದಾಗಿದೆ.”

ಅಜ್ಜಾರು ಒಂದು ಕತೆ ಹೇಳತೊಡಗಿದರು.

ಒಂದೂರಿನಲ್ಲಿ ಎತ್ತುಗಳಿಗೆ ಲಾಳ ಕಟ್ಟುವ ಒಬ್ಬ ಉಸ್ತಾದನಿದ್ದ. ಅವನ ಕೈಕೆಳಗೆ ಒಬ್ಬ ಶಿಷ್ಯ ಒಂಬತ್ತು ವರ್ಷ ಕಲಿತ. ಮೊದಲ ಎರಡು ವರ್ಷ ಹಗ್ಗ ಹಾಕಿ ಎತ್ತನ್ನು ಕೆಡವುವುದು, ಕಾಲು ಕಟ್ಟುವುದು. ಆಮೇಲೆ ಗೊರಸು ಕೆತ್ತುವುದು. ಐದನೆಯ ವರ್ಷದಲ್ಲಿ ಉಸ್ತಾದ ಅವನ ಕೈಗೆ ಸುತ್ತಿಗೆ ಕೊಟ್ಟ.

ಎತ್ತಿನ ಗೊರಸು ಎರಡು ಸೀಳು. ಒಂದೊಂದು ಸೀಳಿಗೂ ಒಂದೊಂದು ಲಾಳ. ಗೊರಸಿನ ಹೊರಗೋಡೆ ನಮ್ಮ ಉಗುರಿನ ಹಾಗೆ, ಅದಕ್ಕೆ ನೋವಿಲ್ಲ. ಒಳಗೆ ಜೀವವಿದೆ. ಮೊಳೆ ಹೊರಗೋಡೆಯಲ್ಲೇ ಓರೆಯಾಗಿ ಏರಿ ಪಕ್ಕದಲ್ಲಿ ತುದಿ ತೋರಿಸಬೇಕು. ಜೋಳದ ಕಾಳಿನಷ್ಟು ಒಳಕ್ಕೆ ಹೊರಳಿದರೂ ಜೀವಕ್ಕೆ ತಾಗುತ್ತದೆ. ಹಾಗೆ ತಾಗಿದರೆ ಹೊಡೆದವನಿಗೆ ಮೊದಲು ತಿಳಿಯುತ್ತದೆ. ಸುತ್ತಿಗೆಯ ಸದ್ದು ಮಂಕಾಗುತ್ತದೆ.

ಉಸ್ತಾದ ಕಲಿಸಿದ್ದು ಇಷ್ಟು: ಸದ್ದು ಮಂಕಾದರೆ ಮೊಳೆಯನ್ನು ಕಿತ್ತು ತೆಗೆ. ಆ ತೂತನ್ನು ಖಾಲಿ ಬಿಡು. ಅರಿಸಿನ, ಎಣ್ಣೆ ಹಾಕು. ಎಂಟು ದಿನ ಗಾಡಿಗೆ ಹೂಡಬೇಡ ಎಂದು ಒಡೆಯನಿಗೆ ಹೇಳು.

ಅವನ ಅಂಗಳದಲ್ಲಿ ಒಂದು ಕಟ್ಟಳೆಯೂ ಇತ್ತು. ಅಲ್ಲಿ ಉದ್ದನೆಯ ಹಾಸುಗಲ್ಲು ಹಾಕಿದ್ದರು. ಲಾಳ ಕಟ್ಟಿದವನೇ ಮೂಗುದಾರ ಹಿಡಿದು, ಒಡೆಯ ನೋಡುತ್ತಿರುವಾಗ, ಎತ್ತನ್ನು ಆ ಕಲ್ಲಿನ ಮೇಲೆ ಹನ್ನೆರಡು ಹೆಜ್ಜೆ ನಡೆಸಬೇಕು. ಮಣ್ಣಿನ ಮೇಲೆ ಕುಂಟು ಅಡಗುತ್ತದೆ. ಕಲ್ಲಿನ ಮೇಲೆ ಅಡಗುವುದಿಲ್ಲ.

ಒಂದು ಶುಕ್ರವಾರ ಉಸ್ತಾದ ನಮಾಜಿಗೆ ಹೋಗಿದ್ದ. ಅಂಗಳದಲ್ಲಿ ಐದು ಗಾಡಿಗಳು ನಿಂತಿದ್ದವು. ಎಲ್ಲರಿಗೂ ಘಟ್ಟ ಹತ್ತುವ ಅವಸರ. ಮೂರನೆಯ ಗಾಡಿಯ ಬಲಗಡೆಯ ಎತ್ತಿಗೆ ಮೊಳೆ ಹೊಡೆಯುವಾಗ ಸದ್ದು ಮಂಕಾಯಿತು. ಶಿಷ್ಯನಿಗೆ ತಿಳಿಯಿತು. ಸುತ್ತಲೂ ಐದು ಜನ ಗಾಡಿಯವರು ನೋಡುತ್ತಿದ್ದರು. ಒಂಬತ್ತು ವರ್ಷ ಕಲಿತವನು ಅವರೆದುರು ಮೊಳೆ ಕೀಳುವುದೇ? ಅವನು ಮೊಳೆಯ ತಲೆಯನ್ನು ಇನ್ನೊಂದೇಟು ಹೊಡೆದು ಕೂರಿಸಿದ. ಮೇಲೆ ಅರದಿಂದ ಉಜ್ಜಿ ನಯ ಮಾಡಿದ.

“ಕಲ್ಲಿನ ಮೇಲೆ ನಡೆಸಪ್ಪಾ,” ಎಂದ ಗಾಡಿಯವನು.

“ಕಲ್ಲು ಕಾದು ಕೆಂಡವಾಗಿದೆ, ಕಾಕಾ,” ಎಂದು ಶಿಷ್ಯ ಅಂಚಿನ ಮಣ್ಣಿನ ಮೇಲೆ ನಡೆಸಿದ.

“ಎತ್ತಿಗೆ ಹೊಸ ಕಬ್ಬಿಣದ ಕೆರ ಬಂತು, ಅದಕ್ಕೇನು ಸುಡುತ್ತದೆ? ಸುಡುವುದು ನಿನ್ನ ಕಾಲೇ ಇರಬೇಕು,” ಎಂದು ಗಾಡಿಯವನು ನಕ್ಕ. ಉಳಿದವರೂ ನಕ್ಕರು. ಶಿಷ್ಯನೂ ನಕ್ಕ. ಗಾಡಿ ಹೋಯಿತು.

ಮೂರನೆಯ ದಿನ ಗಾಡಿಯವನು ನಡೆದುಕೊಂಡು ವಾಪಸು ಬಂದ. ಘಟ್ಟದ ಅರ್ಧದಲ್ಲಿ ಎತ್ತು ಕುಸಿದು ಕುಳಿತಿದೆ ಎಂದ. ಉಸ್ತಾದ ಶಿಷ್ಯನನ್ನು ಕರೆದ.

“ಕಲ್ಲಿನ ಮೇಲೆ ನಡೆಸಿದೆಯಾ?”

ಶಿಷ್ಯ ಅಂಚಿನ ಮಣ್ಣಿನ ಕಡೆ ನೋಡಿದ.

“ಮೊಳೆ ನನ್ನ ಕೈಯಲ್ಲೂ ದಾರಿ ತಪ್ಪಿದೆ,” ಎಂದ ಉಸ್ತಾದ. “ಸುತ್ತಿಗೆ ಕೆಳಗಿಡು. ಹೋಗು.”

ದಾನೇಶ್ವರಿ ಹಾಳೆಗಳನ್ನು ಮಡಿಲಿಗೆ ಎಳೆದುಕೊಂಡಳು. ಕಾಲೇಜಿನವರು ಗುರುತಿನ ಚೀಟಿ ಕೇಳಿದಾಗ ಕೊರಳಿನಿಂದ ಅದರ ದಾರ ಬಿಡಿಸಲು ಅವಳಿಗೆ ಬಹಳ ಹೊತ್ತು ಹಿಡಿದಿತ್ತು. ಕೂದಲಿಗೆ ಸಿಕ್ಕಿಕೊಂಡಿತ್ತು. ಯಾರೂ ಸಹಾಯ ಮಾಡಲಿಲ್ಲ, ಎಲ್ಲರೂ ಕಾಯುತ್ತಿದ್ದರು. ಸುತ್ತಿಗೆ ಕೆಳಗಿಡುವುದು ಏನೆಂದು ಅವಳಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಅಜ್ಜಾರು ಮುಂದುವರಿಸಿದರು.

ಶಿಷ್ಯ ಆ ಊರು ಬಿಟ್ಟ. ಎರಡು ದಿನದ ದಾರಿಯಲ್ಲಿದ್ದ ಇನ್ನೊಬ್ಬ ಉಸ್ತಾದನ ಬಳಿಗೆ ಹೋದ. ಯಾರಲ್ಲಿ ಕಲಿತೆ ಎಂದು ಅವನು ಕೇಳಿದ. ಇವನು ಹೆಸರು ಹೇಳಿದ. ಅಂಥವನನ್ನು ಬಿಟ್ಟು ಇಲ್ಲಿಗೇಕೆ ಬಂದೆ ಎಂದು ಅವನು ಕೇಳಿದ. ಇವನು ಎದ್ದು ಹೊರಟುಬಿಟ್ಟ.

ಮೂರನೆಯ ಊರಿನಲ್ಲಿ, ಯಾರಲ್ಲೂ ಕಲಿತಿಲ್ಲ, ನೋಡಿ ನೋಡಿ ತಿಳಿದುಕೊಂಡೆ ಎಂದ. ಹಾಗಾದರೆ ಒಂದು ಲಾಳ ಕಟ್ಟಿ ತೋರಿಸು ಎಂದರು. ಇವನು ಮೂರು ಏಟು ಬಲವಾಗಿ ಹೊಡೆದು, ನಾಲ್ಕನೆಯದನ್ನು ಹಗುರವಾಗಿ ಹೊಡೆದ. ಹಾಗೆ ಹೊಡೆಯುವುದು ಆ ಸೀಮೆಯಲ್ಲಿ ಒಂದೇ ಅಂಗಳದ ರೂಢಿ. ಅವರು ಸುಮ್ಮನೆ ಸುತ್ತಿಗೆಯನ್ನು ವಾಪಸು ಇಸಿದುಕೊಂಡರು. ಬಾಯಿ ಮುಚ್ಚಿಟ್ಟದ್ದನ್ನು ಕೈ ಹೇಳಿಬಿಟ್ಟಿತ್ತು.

ಆಮೇಲೆ ಅವನು ಲಾಳದ ಕೆಲಸ ಹುಡುಕುವುದನ್ನು ಬಿಟ್ಟ. ಮೂರು ವರ್ಷ ಇಟ್ಟಿಗೆ ಸುಟ್ಟ. ಎರಡು ವರ್ಷ ಗಾಣದ ಹತ್ತಿರ ಹಿಂಡಿ ಹೊತ್ತ. ಎಲ್ಲಿಯೂ ಯಾರೂ ಅವನನ್ನು ಬೈಯಲಿಲ್ಲ, ಹೊಗಳಲೂ ಇಲ್ಲ. ಸುತ್ತಿಗೆಯ ಸದ್ದು ಕೇಳಿದರೆ ಬೇರೆ ದಾರಿ ಹಿಡಿಯುತ್ತಿದ್ದ. ಕೆಲವು ದಿನ ಬೆಳಿಗ್ಗೆ ಎದ್ದು ಗೋಡೆಗೆ ಒರಗಿ ಕುಳಿತವನು ಮಧ್ಯಾಹ್ನದವರೆಗೂ ಹಾಗೇ ಇರುತ್ತಿದ್ದ. ಹಸಿವೆಯೂ ಅವನನ್ನು ಎಬ್ಬಿಸುತ್ತಿರಲಿಲ್ಲ.

ಆ ಶುಕ್ರವಾರವನ್ನು ಅವನು ಮನಸ್ಸಿನಲ್ಲಿ ದಿನವೂ ನಡೆಸುತ್ತಿದ್ದ. ಐದರ ಬದಲು ಎರಡೇ ಗಾಡಿ ಬಂದಿದ್ದರೆ. ಉಸ್ತಾದ ಅರ್ಧ ಗಳಿಗೆ ಮೊದಲು ಬಂದಿದ್ದರೆ. ಮೊದಲ ತಪ್ಪಿಗೆ ಬೈದು ಬಿಟ್ಟಿದ್ದರೆ. ಅವನು ಹೇಳಿಕೊಳ್ಳುತ್ತಿದ್ದುದರಲ್ಲಿ ಸುಳ್ಳಿರಲಿಲ್ಲ. ಅಂದು ಗಾಡಿಗಳು ಐದು ಇದ್ದದ್ದು ನಿಜ, ಉಸ್ತಾದ ಇಲ್ಲದ್ದೂ ನಿಜ. ಹೇಳಿಕೊಂಡು ಹೇಳಿಕೊಂಡು ಆ ಕತೆ ಸವೆದು ನುಣ್ಣಗಾಯಿತು. ಕಡೆಗೆ ಅದರಲ್ಲಿ ಉಳಿದವರು ಇಬ್ಬರೇ, ತಾನು ಮತ್ತು ಉಸ್ತಾದ. ನಡುವೆ ಒಂದು ಸುತ್ತಿಗೆ.

ಹೀಗೆ ಆರು ವರ್ಷ ಕಳೆಯಿತು. ಒಂದು ದಿನ ಅವನು ಎದ್ದು ಹೊರಟ, ಹಳೆಯ ಊರಿಗೆ ಬಂದ. ಉಸ್ತಾದ ಮುದುಕನಾಗಿದ್ದ. ಕಣ್ಣು ಮಂಜಾಗಿತ್ತು, ಆದರೂ ಹೆಜ್ಜೆಯ ಸದ್ದಿನಲ್ಲೇ ಗುರುತು ಹಿಡಿದ. ಶಿಷ್ಯ ಅವನ ಕಾಲಿಗೆ ಬಿದ್ದು ಅತ್ತ.

“ಉಸ್ತಾದ್, ಆರು ವರ್ಷ ಸತ್ತು ಬದುಕಿದ್ದೇನೆ. ನನ್ನ ತಪ್ಪು ಮನ್ನಿಸಿ. ಸುತ್ತಿಗೆ ಕೊಡಿ.”

“ನನಗೆ ನೀನೇನು ಮಾಡಿದೆ, ನಾನು ಮನ್ನಿಸಲು?” ಎಂದ ಉಸ್ತಾದ. “ಏಳು. ಕೂತುಕೋ. ಇಲ್ಲಿಂದ ಹೋದವನು ಎಲ್ಲೆಲ್ಲಿಗೆ ಹೋಗಿದ್ದೆ, ಹೇಳು.”

ಶಿಷ್ಯ ಹೇಳಿದ. ಎರಡನೆಯ ಅಂಗಳ, ಮೂರನೆಯ ಅಂಗಳ, ಇಟ್ಟಿಗೆಯ ಗೂಡು, ಗಾಣದ ಮನೆ. ಮಲಗಿದ ಛತ್ರಗಳ ಹೆಸರನ್ನೂ ಬಿಡಲಿಲ್ಲ. ಉಸ್ತಾದ ಒಂದೊಂದು ಹೆಸರಿಗೂ ತಲೆ ಬಾಗಿಸಿ ಕೇಳುತ್ತಿದ್ದ, ಯಾವುದೋ ಒಂದು ಊರಿನ ಹೆಸರು ಬರಲಿ ಎಂದು ಕಾದಿರುವವನ ಹಾಗೆ. ಪಟ್ಟಿ ಮುಗಿಯಿತು.

“ಇಷ್ಟೆಯೋ?”

“ಇಷ್ಟೇ, ಉಸ್ತಾದ್. ಇನ್ನೆಲ್ಲಿಗೂ ಹೋಗಲಿಲ್ಲ.”

ಮುದುಕ ಎದ್ದ. ಗೋಡೆ ಹಿಡಿದುಕೊಂಡು ಒಳಗೆ ಹೋದ. ಮತ್ತೆ ಹೊರಗೆ ಬರಲಿಲ್ಲ. ಶಿಷ್ಯ ಅಂಗಳದಲ್ಲೇ ಕುಳಿತಿದ್ದ.

ಅಜ್ಜಾರು ಅಲ್ಲಿಗೆ ನಿಲ್ಲಿಸಿದರು. ಕನ್ನಡಕ ತೆಗೆದು ಪಕ್ಕಕ್ಕಿಟ್ಟರು. ಅಡುಗೆಮನೆಯ ಕಡೆಯಿಂದ ಪಾತ್ರೆ ತೊಳೆಯುವ ಸದ್ದು ಬರುತ್ತಿತ್ತು. ದಾನೇಶ್ವರಿ ಕಾದಳು. ಅಜ್ಜಾರು ಮತ್ತೆ ಬಾಯಿ ಬಿಡುವಂತೆ ಕಾಣಲಿಲ್ಲ. ಈ ಕತೆಯ ಕೊನೆ ತನ್ನದೇ ಕೊನೆ ಎಂದು ಅವಳಿಗೆ ಅನ್ನಿಸಿತ್ತು.

“ಆಮೇಲೆ, ಅಜ್ಜಾರೇ? ಅವನಿಗೆ ಸುತ್ತಿಗೆ ಸಿಕ್ಕಿತೋ ಇಲ್ಲವೋ? ಅವನು ಏನಾದ?”

ಅಜ್ಜಾರು ಅವಳ ಮುಖ ನೋಡಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

“ಎತ್ತು ಏನಾಯಿತೆಂದು ನೀನೂ ಕೇಳಲಿಲ್ಲವಲ್ಲ, ತಾಯಿ.”