ಗರಡಿಮನೆಗೆ ಹಲ್ಲಿಯ ಸಾಕ್ಷಿ

ಗರಡಿಮನೆಗೆ ಹೊಸದಾಗಿ ಬಂದ ಇಲಿಯೊಂದು ಒಂದೇ ಬೆಳಗಿನ ಕುಸ್ತಿ ನೋಡಿ ತೀರ್ಪು ಕೊಟ್ಟಿತು: "ಬೈಗುಳ, ಬೆತ್ತ, ದಿನವಿಡೀ ಬೀಳುವುದು! ಇದು ಪೈಲ್ವಾನರು ದುಡಿದು ಬದುಕುವ ಜಾಗವೇ? ವಿಷದ ಕೊಂಪೆ! ಹಲ್ಲಿಯಮ್ಮ, ನೀವು ಲೊಚಗುಟ್ಟಿದ್ದನ್ನು ಜನ ನಿಜವೆಂದು ನಂಬುತ್ತಾರೆ. ನನ್ನ ಮಾತಿಗೊಮ್ಮೆ ಲೊಚ್ ಎನ್ನಿ."

ಗೋಡೆಯ ಮೇಲಿದ್ದ ಮುದಿ ಹಲ್ಲಿ ಲೊಚಗುಟ್ಟಲಿಲ್ಲ. "ಅವಸರ ಬೇಡ. ಹಿಂದೆ ನಾನಿದ್ದ ಗರಡಿಯಲ್ಲಿ ಒಂದು ಬೈಗುಳವೂ ಕೇಳುತ್ತಿರಲಿಲ್ಲ. ಆದರೆ ಕೈ ಮುರಿದವನೂ 'ಏನೂ ಆಗಿಲ್ಲ' ಎಂದು ನಗಬೇಕಿತ್ತು. ನೋವು ಎಂದವನಿಗೆ ಮರುದಿನ ಅಖಾಡದಲ್ಲಿ ಜಾಗವಿರಲಿಲ್ಲ. ನಾನು ಬಾಲ ಬಿಟ್ಟು ಓಡಿಬಂದೆ."

ಅಷ್ಟರಲ್ಲಿ ಕೆಳಗೆ ಪೈಲ್ವಾನ್ ಚೆಲುವನಾಯಕ ದೊಪ್ಪನೆ ಬಿದ್ದು, "ಅಯ್ಯೋ, ಭುಜ!" ಎಂದು ಕೂಗಿದ. ನಾಡಿದ್ದೇ ಅವನ ದೊಡ್ಡ ಪಂದ್ಯ.

"ಈಗ ನೋಡಿ ಬೆತ್ತದ ಏಟು," ಎಂದು ಇಲಿ ಕಣ್ಣು ಮುಚ್ಚಿತು.

ಕುಸ್ತಿ ಕಲಿಸುವ ಉಸ್ತಾದರು ಬೆತ್ತ ಬಿಸಾಡಿ ಓಡಿಬಂದರು. ಅವನನ್ನು ಕೆಡವಿದ ಜೊತೆಗಾರನೇ ಎಣ್ಣೆ ಬಿಸಿಮಾಡಿ ತಂದು ಹಚ್ಚಿದ. "ಪಂದ್ಯ ಹೋದರೆ ಹೋಗಲಿ ಕತ್ತೆ, ಮೊದಲು ಭುಜ ಉಳಿಸಿಕೋ!" ಎಂದು ಉಸ್ತಾದರು ಬೈಯುತ್ತಲೇ ಗುದ್ದಲಿ ಹಿಡಿದು, ಅವನು ಬಿದ್ದ ಜಾಗದ ಮಣ್ಣನ್ನು ಇನ್ನಷ್ಟು ಮೆತ್ತಗೆ ಅಗೆದರು. "ಬರುವ ವರ್ಷ ಗೆಲ್ಲುವವನು ನೀನೇ."

"ಲೊಚ್, ಲೊಚ್, ಲೊಚ್!" ಎಂದಿತು ಹಲ್ಲಿ.

"ನೋಡ್ರೋ, ಹಲ್ಲಿಯೂ ನುಡಿಯಿತು!" ಎಂದು ಚೆಲುವನಾಯಕ ನೋವಿನಲ್ಲೂ ನಕ್ಕ. ಗರಡಿಗೆ ಗರಡಿಯೇ ನಕ್ಕಿತು.

ಇಲಿ ತಲೆಯೆತ್ತಿ ನೋಡಿತು. ಹಲ್ಲಿ ಬಿಟ್ಟುಬಂದ ಬಾಲದ ಜಾಗದಲ್ಲಿ ಹೊಸ ಬಾಲವೊಂದು ಚಿಗುರಿ, ಖುಷಿಯಿಂದ ಕುಣಿಯುತ್ತಿತ್ತು.